ಇವಳಿಗೆ ಯಾರಿದ್ದಾರೆ?

ಅಂಟಿನಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವಳ ಗಂಡನೇ ಹೇಳುತ್ತಾನೆ. ಹೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಅದು ಬೇರೆ ಮಾತು. ದೊಡ್ಡ ರಸ್ತೆಗಳ ಜಾಹೀರಾತು ಹಲಗೆಗಳಿಗೆ ಕಾಗದ ಅಂಟಿಸುವುದು ಅವಳ ಕಸುಬು. ಹೆಸರು ಬಂದದ್ದೂ ಅದರಿಂದಲೇ. ತಲೆಗೊಂದು ಬಟ್ಟೆ ಬಿಗಿದುಕೊಂಡು, ಬಕೆಟ್ಟು ಬ್ರಷ್ಷು ಹಿಡಿದು ಏಣಿ ಹತ್ತಿದಳೆಂದರೆ ಕೆಳಗಿದ್ದವರು ತೆಪ್ಪಗಿರಬೇಕು. ಮೇಲಿನಿಂದ ಬೀಳುವುದು ಅಂಟೋ ಬೈಗುಳವೋ ಹೇಳಬರುವುದಿಲ್ಲ. ಕೆಳಗೆ ನಿಂತು ಏಣಿ ಹಿಡಿಯುವ ಮುದುಕ, ಊರಿಗೆಲ್ಲ ಏಣಿ ಮಾವ, ಇಷ್ಟು ವರ್ಷಗಳಲ್ಲಿ ಎರಡನ್ನೂ ಸಾಕಷ್ಟು ತಿಂದಿದ್ದಾನೆ.

ಆ ದಿನದ ಕೆಲಸ ಶಾಲೆಯ ಎದುರು, ನಾಲ್ಕು ರಸ್ತೆ ಕೂಡುವಲ್ಲಿದ್ದ ಊರಿಗೇ ದೊಡ್ಡ ಹಲಗೆಯ ಮೇಲೆ. ಕಾಗದ 'ಸಹಯೋಗ' ಎನ್ನುವ ಸಂಸ್ಥೆಯವರದು. ನಗರಸಭೆ, ನಾಲ್ಕಾರು ಕಂಪನಿಗಳು, ಆಸ್ಪತ್ರೆ, ಶಾಲೆಗಳು ಎಲ್ಲ ಸೇರಿ, ಮಕ್ಕಳಿಗೂ ಮನೆಮಂದಿಗೂ ಒಳ್ಳೆಯದಾಗಲಿ ಎಂದು ಕಟ್ಟಿಕೊಂಡ ಕೂಟ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಕೆಲಸ ಮಾಡಿದ್ದಾರೆ. ಅಂಟಿನಕ್ಕನ ಗಲ್ಲಿಯ ಹಿಂದೆ ಕಸ ಸುರಿಯುತ್ತಿದ್ದ ಜಾಗವನ್ನು ಮಟ್ಟ ಮಾಡಿಸಿ, ಗೋಲಿನ ಕಂಬ ನೆಡಿಸಿ, ದೀಪ ಹಾಕಿಸಿ, ಸಂಜೆ ಹೊತ್ತು ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾರೆ. ಅವಳ ಮಗಳು ಅಲ್ಲಿ ಗೋಲ್‌ಕೀಪರು. ಕೈಗೆ ಸಿಕ್ಕ ಚೆಂಡನ್ನು ಬಿಡುವುದಿಲ್ಲವೆಂದು ತಂಡದವರು ಇಟ್ಟ ಹೆಸರು ಜಿಗಣೆ. ಅಮ್ಮ ಅಂಟು, ಮಗಳು ಜಿಗಣೆ, ಈ ಮನೆಗೆ ಹೋದವರು ಬಿಡಿಸಿಕೊಂಡು ಬರುವುದು ಹೇಗೆ ಎಂದು ಗಲ್ಲಿಯವರು ನಗುತ್ತಾರೆ.

ಸಂಜೆ ನಗರಸಭೆ ಅಧ್ಯಕ್ಷೆ ಬಂದು ಈ ಹಲಗೆಯ ಮುಂದೆ ಭಾಷಣ ಮಾಡುವವರಿದ್ದರು. "ಶಾಲೆ ಬಿಡೋದ್ರೊಳಗೆ ಮುಗಿಸು. ಒಂದು ಸುಕ್ಕು ಕಂಡ್ರೂ ನನ್ನ ತಲೆ ಹೋಗುತ್ತೆ," ಎಂದು ಗುತ್ತಿಗೆಯ ಮೇಸ್ತ್ರಿ ಬೆಳಿಗ್ಗೆಯೇ ಹೇಳಿಹೋಗಿದ್ದ.

ಇಂಥ ದೊಡ್ಡ ಚಿತ್ರ ಒಂದೇ ಹಾಳೆಯಲ್ಲಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಮಳೆ ನೀರು ಒಳಗಿಳಿಯಬಾರದೆಂದರೆ ಕೆಳಗಿನ ಸಾಲು ಮೊದಲು ಅಂಟಿಸಿ, ಮೇಲಿನದನ್ನು ಅದರ ಮೇಲೆ ತುಸು ಹಾಯಿಸಬೇಕು. ಹಾಗಾಗಿ ಮೊದಲು ಬಂದದ್ದು ಅಕ್ಷರ. ಕಪ್ಪು ಪಟ್ಟಿಯ ಮೇಲೆ ಆಳೆತ್ತರದ ಬಿಳಿ ಅಕ್ಷರಗಳು: ಇವಳಿಗೆ ಯಾರಿದ್ದಾರೆ?

"ಅಯ್ಯೋ ಪಾಪ," ಎಂದಳು ಅಂಟಿನಕ್ಕ ಬ್ರಷ್ಷು ಎಳೆಯುತ್ತ. "ಯಾರ ಕೂಸೋ ಏನೋ ಮಾವ. ಹೆತ್ತವರು ಇದ್ದಾರೋ ಇಲ್ವೋ."

"ಇರ್ತಾರೆ, ಎಲ್ಲೋ ಕುಡಿದು ಬಿದ್ದಿರ್ತಾರೆ," ಎಂದ ಏಣಿ ಮಾವ ಕೆಳಗಿನಿಂದ.

"ಅಂಥವರಿಗೆ ಮಕ್ಕಳು ಯಾಕೆ ಬೇಕು ಹೇಳು!"

ಎರಡನೆಯ ಸಾಲಿನಲ್ಲಿ ಕೆಸರು ಮೆತ್ತಿದ ಒಂದು ನೀಲಿ ಅಂಗಿ ಬಂತು. ಎರಡೂ ಕೈ ಎದೆಗೆ ಅವಚಿಕೊಂಡಿದ್ದವು, ಅವುಗಳ ನಡುವಿನವರೆಗೂ ಕಪ್ಪು ಪಟ್ಟಿ ಏರಿತ್ತು. ಮೊಣಕೈ ತರಚಿತ್ತು. ಅಂಗಿಯ ಕೊರಳಿನಲ್ಲಿ ಬಿಳಿ ಗುಂಡಿಗಳ ಮೇಲೆ ಒಂದೇ ಒಂದು ಹಳದಿ ಗುಂಡಿ. ಅಂಟಿನಕ್ಕ ಅದರ ಮೇಲೆ ಬ್ರಷ್ಷು ಎಳೆದಳು, ಮತ್ತೆ ಎಳೆದಳು, ಆಮೇಲೆ ಕೈ ನಿಂತಿತು. ಆ ಹಳದಿ ಗುಂಡಿ ಹೊಲಿದದ್ದು ಅವಳ ಅತ್ತೆ. ಬಿಳಿಯದು ಸಿಗಲಿಲ್ಲ, ಹಳದಿಗೇನು ಬಂದಿದೆ ರೋಗ, ಎಂದು ಮುದುಕಿ ಕನ್ನಡಕ ಮೂಗಿಗಿಳಿಸಿಕೊಂಡು ಹೊಲಿದಿದ್ದು ಕಣ್ಣಿಗೆ ಕಟ್ಟಿತು.

"ಏನಮ್ಮಾ, ಏಣಿ ಮೇಲೇ ನಿದ್ದೆ ಬಂತಾ?"

ಅವಳು ಹೆಗಲಿನ ಚೀಲಕ್ಕೆ ಕೈಹಾಕಿದಳು. ಮೇಲಿನ ಸಾಲಿನ ಸುರುಳಿಗಳನ್ನು ಅಂಟು ಹಚ್ಚದೆ ಒಂದೊಂದಾಗಿ ಬಿಚ್ಚಿ ನೋಡಿದಳು. ಒಡೆದ ಕೆಳತುಟಿ. ಕೆಸರು ಕೆನ್ನೆ. ಎದುರಿಗಿದ್ದವರನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದ ಎರಡು ಕಣ್ಣು, ತನ್ನವೇ ಕಣ್ಣು, ಮಗಳ ಮುಖದಲ್ಲಿ.

ಆ ಮುಖದ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಜಡಿ ಮಳೆಯಲ್ಲಿ ಪಕ್ಕದ ಬಡಾವಣೆಯವರ ಮೇಲೆ ಪಂದ್ಯ. ಕೊನೆಗಳಿಗೆಯಲ್ಲಿ ಪೆನಾಲ್ಟಿ. ಹೊಡೆಯಲು ಬಂದವನು ಜಿಗಣೆಯನ್ನು ನೋಡಿ ನಕ್ಕಿದ್ದ. ಇವಳು ಹಾರಿ, ಕೆಸರಿನಲ್ಲಿ ಉರುಳಿ, ತುಟಿ ಒಡೆದುಕೊಂಡು ಎದ್ದಾಗ ಚೆಂಡು ಎದೆಯಲ್ಲಿತ್ತು. ಎದ್ದವಳು ನಕ್ಕವನನ್ನು ದುರುಗುಟ್ಟಿ ನೋಡಿದಳು. ಆಗಲೇ ಸಹಯೋಗದ ಫೋಟೋದವರು ಕ್ಲಿಕ್ಕಿಸಿದ್ದು. ಮನೆಗೆ ಬಂದಾಗ ಅವಳಪ್ಪ, ಕಾರ್ಖಾನೆ ಕ್ಯಾಂಟೀನಿನ ಅಡುಗೆಯವನು, "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನೀನು ಬಾಯಿಗೂ ಕೆಸರು ಮಾಡ್ಕೊಂಡು ಬಂದಿದ್ದೀಯಲ್ಲೇ" ಎಂದು ಎತ್ತಿ ಕುಣಿಸಿದ್ದ.

ಈಗ ಆ ಕೈಗಳಲ್ಲಿ ಚೆಂಡಿರಲಿಲ್ಲ. ಚೆಂಡಿದ್ದ ಜಾಗಕ್ಕೆ ಸರಿಯಾಗಿ ಕಪ್ಪು ಪಟ್ಟಿ ಎಳೆದು ಅಕ್ಷರ ಬರೆದಿದ್ದರು. ಚೆಂಡು ಹೋದದ್ದೇ ತಡ, ಗೆದ್ದ ಹುಡುಗಿ ಏಟು ತಿಂದ ಅನಾಥೆಯಾಗಿದ್ದಳು.

ಅಂಟಿನಕ್ಕ ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು. ಪಾಪ ಅಂದದ್ದು ತನ್ನ ಬಾಯಿಯೇ. ಹೆತ್ತವಳೇ ಹಾಗೆ ಅಂದಮೇಲೆ ಊರು ಏನಂದೀತು? ಮಗಳ ಶಾಲೆಯ ಗೇಟು ದಾಟಿದರೆ ಎದುರಿಗೇ ಇದು. ನಾಳೆಯಿಂದ ತನ್ನ ಮಗಳು ಎಲ್ಲಿ ಹೋದರೂ ಯಾರೂ ಇಲ್ಲದವಳು.

"ಯಾರಿದ್ದಾರೆ ಅಂತ ಕೇಳ್ತಾರಲ್ಲ ಮಾವ!" ಎಂದು ಇಳಿಯುತ್ತಲೇ ಕೂಗಾಡಿದಳು. "ಅಪ್ಪ ಇದ್ದಾನೆ, ಅಮ್ಮ ಇದ್ದೀನಿ, ಅಜ್ಜಿ ಇದ್ದಾರೆ, ಚಿಕ್ಕಮ್ಮ ಅವಳ ಎರಡು ಮಕ್ಕಳನ್ನ ಕಟ್ಕೊಂಡು ಬಂದು ಕೂತಿದ್ದಾಳೆ. ನಮ್ಮನೇಲಿ ಬಚ್ಚಲಿಗೆ ಹೋಗೋಕೂ ಸರದಿ ನಿಲ್ಬೇಕು. ಯಾರೂ ಇಲ್ದೇ ಇರೋ ಒಂದು ಗಳಿಗೆ ಸಿಕ್ಕಿದ್ರೆ ಆ ಹುಡುಗಿ ಹಾಯಾಗಿ ಓದ್ಕೊಳ್ತಿದ್ಲು!"

ಏಣಿ ಮಾವ ಚಿತ್ರ ನೋಡಿದ, ಸುರುಳಿ ನೋಡಿದ, ಗಡ್ಡ ಕೆರೆದುಕೊಂಡ. ಅವನು ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ. "ನೋಡು ತಾಯಿ, ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಬಯಲು ಅವರದ್ದು, ದೀಪ ಅವರದ್ದು. ನೀನು ರಂಪ ಮಾಡಿ, ಅವರು ಹುಡುಗೀನ ತಂಡದಿಂದ ತೆಗೆದುಬಿಟ್ರೆ? ಆಟ ಇಲ್ದೇ ಅದು ಬದುಕುತ್ತಾ?"

ಆ ಮಾತು ಚುಚ್ಚಿತು. ಜಿಗಣೆ ಆಟ ಬಿಟ್ಟು ಬದುಕುವುದಿಲ್ಲ ಎನ್ನುವುದು ಹೆತ್ತವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹುಡುಗಿ ನಿದ್ದೆಯಲ್ಲೂ ದಿಂಬು ಹಿಡಿಯುತ್ತಾಳೆ. ಆದರೂ ಅಂಟಿನಕ್ಕ ಮೇಲಿನ ಸಾಲಿನ ಸುರುಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು, ಎರಡು ಬೀದಿ ಆಚೆಗಿದ್ದ ಸಹಯೋಗದ ಕಚೇರಿಗೆ ನಡೆದೇಬಿಟ್ಟಳು.

ಕಚೇರಿ ತಣ್ಣಗಿತ್ತು. ಗೋಡೆ ತುಂಬ ನಗುವ ಮಕ್ಕಳ ಚಿತ್ರಗಳು. ಸಂಚಾಲಕಿ ಒಳ್ಳೆಯ ಹೆಂಗಸು, ಎದ್ದು ಬಂದು ಕುರ್ಚಿ ಎಳೆದುಕೊಟ್ಟಳು.

"ಬೇಡ ಮೇಡಂ, ಮೈಯೆಲ್ಲ ಅಂಟು. ಕೂತ್ರೆ ಕುರ್ಚಿ ನನ್ನ ಜೊತೆ ಮನೆಗೆ ಬರುತ್ತೆ," ಎಂದು ಅಂಟಿನಕ್ಕ ನಿಂತೇ ಸುರುಳಿ ಬಿಚ್ಚಿದಳು. "ಇವಳು ನನ್ನ ಮಗಳು. ಇವಳಿಗೆ ಯಾರಿದ್ದಾರೆ ಅಂತ ಕೇಳಿದ್ರಿ. ಹೇಳೋಕೆ ಬಂದೆ."

ಸಂಚಾಲಕಿಯ ಮುಖ ಅರಳಿತು. "ಓಹ್, ನೀವಾ! ಅಷ್ಟೊಂದು ಫೋಟೋದಲ್ಲಿ ಇದನ್ನೇ ಆರಿಸಿದ್ವಿ. ನೋಡಿದವರೆಲ್ಲ ಕಣ್ಣೀರು ಹಾಕಿದ್ರು."

"ಅಳೋ ಅಂಥದ್ದು ಏನಿದೆ ಇದ್ರಲ್ಲಿ? ಪೆನಾಲ್ಟಿ ಹಿಡಿದಿದ್ದಾಳೆ. ಚೆಂಡೆಲ್ಲಿ ಹೋಯ್ತು?"

"ಅಮ್ಮಾ, ಒಂದು ಮಾತು ಅರ್ಥ ಮಾಡ್ಕೊಳ್ಳಿ. ಗೆದ್ದ ಮಗುವನ್ನ ತೋರಿಸಿದ್ರೆ ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ಮನಸ್ಸು ಕರಗಿದ್ರೆ ಮಾತ್ರ ಸಹಾಯ ಮಾಡ್ತಾರೆ. ಅದರಿಂದಾನೇ ನಿಮ್ಮ ಬಯಲಿಗೆ ದೀಪ ಬಂದಿದ್ದು, ನಿಮ್ಮ ಮಗಳಿಗೆ ಶೂ ಬಂದಿದ್ದು."

ಸುಳ್ಳೇನಲ್ಲ. ಅದಕ್ಕೇ ಅಂಟಿನಕ್ಕನಿಗೆ ಇನ್ನಷ್ಟು ಉರಿಯಿತು. "ಸಹಾಯ ಮಾಡಿ ಮೇಡಂ, ಬೇಡ ಅಂದೋರ್ಯಾರು? ನಾವೂ ಕೈಮುಗಿದು ತಗೊಂಡಿದ್ದೀವಿ. ಆದ್ರೆ ಅಪ್ಪ ಅಮ್ಮನ್ನ ಅಳಿಸಿಹಾಕಿ ಸಹಾಯ ಮಾಡ್ತೀವಿ ಅಂದ್ರೆ ಹೇಗೆ? ಅಳೋ ಮುಖಾನೇ ಬೇಕು ಅಂದ್ರೆ ನಿಮ್ಮ ಮಗೂದು ಹಾಕಿ. ಅದರ ಕೈಯಿಂದ ಏನಾದ್ರೂ ಕಿತ್ಕೊಳ್ಳಿ, ತಾನೇ ಅಳುತ್ತೆ."

ಸಂಚಾಲಕಿಯ ನಗು ಆರಿತು. ಫೋಟೋ ತೆಗೆಯುತ್ತೇವೆ ಎಂದು ಹುಡುಗಿಯನ್ನು ತಂಡಕ್ಕೆ ಸೇರಿಸುವಾಗಲೇ ಹೇಳಿದ್ದೆವಲ್ಲ ಎಂದಳು. ಉಳಿದ ಹಾಳೆ ಬೇರೆಯವರು ಅಂಟಿಸುತ್ತಾರೆ ಎಂದಳು. ಮೇಸ್ತ್ರಿಗೆ ಫೋನು ಮಾಡಲು ಕೈ ಚಾಚಿದಳು.

ಅಂಟಿನಕ್ಕ ವಾಪಸ್ಸು ಬರುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ಹಲಗೆಯ ಕೆಳಗೆ ಮಕ್ಕಳ ಸಂತೆ. ಕತ್ತಿಲ್ಲದ ನೀಲಿ ಅಂಗಿಯನ್ನು ನೋಡಿ ಯಾರೋ ಕೇಕೆ ಹಾಕುತ್ತಿದ್ದರು. ನಡುವೆ ಜಿಗಣೆ, ಕಂಕುಳಲ್ಲಿ ಚೆಂಡು, ಸುತ್ತ ಅವಳ ತಂಡ. ಅಮ್ಮನನ್ನು ಕಂಡು ಕೇಳಿದಳು, "ಅಮ್ಮ, ಅದು ನಾನಲ್ವಾ?"

"ಹೂಂ ಕಣೇ." ಈಗ ಅಳುತ್ತಾಳೆ ಎಂದು ಅಂಟಿನಕ್ಕ ಎರಡೂ ಕೈ ಚಾಚಿದಳು.

"ಚೆಂಡು ತೆಗೆದುಬಿಟ್ಟಿದ್ದಾರೆ!" ಎಂದು ಹುಡುಗಿ ಕಿರುಚಿದಳು. "ಹಿಡಿದಿದ್ದೆ ನಾನು! ಇವರೆಲ್ಲ ನೋಡಿದ್ದಾರೆ! ಈಗ ಎಲ್ಲರೂ ಗೋಲು ಬಿಟ್ಲು ಅಂದ್ಕೊಳ್ತಾರೆ!"

ಅಂಟಿನಕ್ಕ ಒಂದು ಗಳಿಗೆ ಮಗಳ ಮುಖವನ್ನೇ ನೋಡಿದಳು. ನಾಚಿಕೆಯ ಸುಳಿವೂ ಇಲ್ಲ ಅಲ್ಲಿ, ಬರೀ ಸಿಟ್ಟು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಬಲ ಬಂತು. "ಮಾವ, ಏಣಿ ಹಿಡಿ," ಎಂದಳು.

ಹಳೆಯ ಜಾಹೀರಾತು ಮುಚ್ಚಲು ಬಿಳಿ ಹಾಳೆಯ ಸುರುಳಿ ಯಾವಾಗಲೂ ಅವಳ ಜೊತೆಯಲ್ಲೇ ಇರುತ್ತದೆ. ಕಪ್ಪು ಪಟ್ಟಿಯ ಮೇಲೆ ಆ ತುದಿಯಿಂದ ಈ ತುದಿಗೆ ಅದನ್ನು ಅಂಟಿಸಿಬಿಟ್ಟಳು. ಇವಳಿಗೆ ಯಾರಿದ್ದಾರೆ ಎನ್ನುವುದು ಅಕ್ಷರ ಅಕ್ಷರವಾಗಿ ಮುಚ್ಚಿಹೋಯಿತು. ಆಮೇಲೆ ಮೇಲಿನ ಸಾಲು ಅಂಟಿಸಿದಳು. ಮಗಳ ಕಣ್ಣಿನ ಮೇಲೆ ಒಂದು ಗುಳ್ಳೆಯೂ ಉಳಿಯದ ಹಾಗೆ ಅಂಗೈಯಿಂದಲೇ ಒತ್ತಿದಳು. ಕೈಗಳ ನಡುವೆ ಮಾತ್ರ ಬಿಳಿ ಖಾಲಿ ಉಳಿಯಿತು.

ಅದನ್ನು ನೋಡಿ ಜಿಗಣೆ ಚೆಂಡನ್ನು ಬಕೆಟ್ ತೊಳೆದ ನೀರಿನ ಕೆಸರಿನಲ್ಲಿ ಚೆನ್ನಾಗಿ ಹೊರಳಿಸಿದಳು. ತಂಡದ ದೊಡ್ಡ ಹೊಡೆತಗಾರ ಮೊದಲು ಒದ್ದ; ಚೆಂಡು ಹಲಗೆ ಬಿಟ್ಟು, ಆಗಷ್ಟೇ ಬಂದು ನಿಂತ ಮೇಸ್ತ್ರಿಯ ಬೈಕಿನ ಕನ್ನಡಿಗೆ ಬಿತ್ತು. "ಕೊಡಿಲ್ಲಿ, ನಿನ್ನಿಂದ ಆಗಲ್ಲ," ಎಂದು ಜಿಗಣೆ ಚೆಂಡನ್ನು ಕೈಯಿಂದ ಬಿಟ್ಟು, ನೆಲ ಮುಟ್ಟುವ ಮೊದಲೇ ಎತ್ತಿ ಒದ್ದಳು. ಧಪ್ ಎಂದಿತು. ಹಸಿ ಹಾಳೆಯ ಮೇಲೆ, ಸರಿಯಾಗಿ ಎರಡು ಕೈಗಳ ನಡುವೆ, ದುಂಡಗೆ ಕೆಸರಿನ ಚೆಂಡು ಕೂತಿತು. ಮಕ್ಕಳ ಕೂಗಿಗೆ ರಸ್ತೆಯ ಗಾಡಿಗಳೆಲ್ಲ ನಿಧಾನವಾದವು.

"ಏನಿದು ಹುಚ್ಚಾಟ!" ಮೇಸ್ತ್ರಿ ಓಡಿಬಂದ. "ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ! ಇಳಿ ಕೆಳಗೆ! ಏಣಿ ಕೊಡಯ್ಯ, ನಾನೇ ಕಿತ್ತು ಹಾಕ್ತೀನಿ."

ಅಂಟಿನಕ್ಕ ಇಳಿದಳು. ಯಾರಿಗೂ ಇಲ್ಲ ಎನ್ನದ ಏಣಿ ಮಾವ ಏಣಿಯನ್ನು ಮಡಿಸಿ ಹೆಗಲಿಗೇರಿಸಿಕೊಂಡ. "ಏಣಿ ನಂದು ಮೇಸ್ತ್ರಿ," ಎಂದ. "ಇವತ್ತು ಅದಕ್ಕೆ ರಜಾ." ಹಾಗೆಂದು ತನ್ನ ಮಾತಿಗೆ ತಾನೇ ಬೆಚ್ಚಿ, ಸರಸರ ರಸ್ತೆ ದಾಟಿಬಿಟ್ಟ.

ಅಷ್ಟರಲ್ಲಿ ಸಂಚಾಲಕಿಯ ಕಾರು ಬಂತು. ಅವಳು ಇಳಿದು ಹಲಗೆ ನೋಡಿದಳು, ಗಡಿಯಾರ ನೋಡಿದಳು. ಬೈಯಲಿಲ್ಲ. ಅಂಟಿನಕ್ಕನನ್ನು ದಾಟಿ ನೇರ ಹುಡುಗಿಯ ಹತ್ತಿರ ಹೋಗಿ ಬಗ್ಗಿ, ಮೆತ್ತಗೆ ಹೇಳಿದಳು. "ನೋಡು ಪುಟ್ಟ, ನಿಮ್ಮಮ್ಮ ದುಡುಕಿದ್ದಾರೆ. ಬಯಲಲ್ಲಿ ನಿನಗೆ ಕೊಟ್ಟಿರೋ ಜಾಗಕ್ಕೆ ಎಷ್ಟೋ ಮಕ್ಕಳು ಕಾಯ್ತಿದ್ದಾರೆ. ಅದು ಬೇರೆಯವರಿಗೆ ಹೋಗ್ಬಾರ್ದು ಅಲ್ವಾ? ಇದನ್ನ ಸರಿ ಮಾಡಿಸು ಅಂತ ಅಮ್ಮಂಗೆ ನೀನೇ ಹೇಳು."

ಕೆಲಸ ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ. ಬಯಲು ಇನ್ನೊಂದು ಎಲ್ಲಿಂದ ತರುವುದು? ಹುಟ್ಟಿದಾರಭ್ಯ ಯಾರಿಗೂ ಹೇಳದಿದ್ದ 'ತಪ್ಪಾಯ್ತು' ಎನ್ನುವ ಮಾತು ಅಂಟಿನಕ್ಕನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ಕಾಯ್ತಿರೋರನ್ನ ಕರೀರಿ ಮೇಡಂ," ಎಂದಳು ಜಿಗಣೆ. "ನನ್ನ ಜಾಗ ಬೇಕು ಅನ್ನೋರು ನನಗೊಂದು ಗೋಲು ಹೊಡೀಲಿ. ಹೊಡೆದ್ರೆ ಈಗ್ಲೇ ಬಿಟ್ಟುಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಆ ಹಲಗೆ ಯಾರೂ ಮುಟ್ಟಬಾರ್ದು."

ಕೆಸರು ಚೆಂಡನ್ನು ಸಂಚಾಲಕಿಯ ಕಾಲ ಬಳಿ ಉರುಳಿಸಿ, ಅವಳು ಶಾಲೆಯ ಗೇಟಿನ ಎರಡು ಕಂಬಗಳ ನಡುವೆ ಹೋಗಿ, ಮೊಣಕಾಲು ಬಗ್ಗಿಸಿ, ಕೈಗಳನ್ನು ಅಗಲಿಸಿ ನಿಂತಳು.

"ಯಾರು ಮೊದ್ಲು?"