ಎಡಸೀಟಿನ ಮಾತು

"ಎತ್ತಬೇಡಿ ಅಂತ ಹೇಳು! ಲೂರ್ದ್ ಬರುವವರೆಗೆ ಎತ್ತಬೇಡಿ ಅಂತ ಹೇಳು!"

ಸಕೀನ ಕಾರಿನ ಕಿಟಕಿಯಿಂದ ಕೈ ಚಾಚಿ ಮಗನ ತೋಳು ಹಿಡಿದುಕೊಂಡಿದ್ದಳು. ಅಲ್ ಕೂಝ್ ಕಬರಸ್ತಾನದಲ್ಲಿ ಮಯ್ಯಿತ್ತು ತೊಳೆಯುವ ಕೋಣೆಯಿಂದ ಗಂಡ ಹಂಝನ ಶವವನ್ನು ಆಗತಾನೇ ಹೊರಗೆ ತಂದಿದ್ದರು. ನಾಲ್ವರು ಹೆಗಲು ಕೊಡಲು ಬಗ್ಗಿದ್ದರು. ಇಳಿಹೊತ್ತಿನ ಅಸರ್ ನಮಾಝಿಗೆ ಇಪ್ಪತ್ತೈದು ನಿಮಿಷ ಉಳಿದಿತ್ತು.

"ಉಮ್ಮ, ಜನ ನೋಡ್ತಿದ್ದಾರೆ," ಎಂದ ಸವಾದ್. "ಯಾರು ಈ ಲೂರ್ದ್?"

"ನಿನ್ನ ಉಪ್ಪನ ಜೊತೆ ಲಾರಿಯಲ್ಲಿದ್ದವರು. ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಬೆಳಿಗ್ಗೆ ಫೋನ್ ಮಾಡಿದ್ದೇನೆ."

"ಬರ್ತೇನೆ ಅಂತ ಹೇಳಿದ್ರಾ?"

ಸಕೀನ ಗೇಟಿನ ಕಡೆ ನೋಡಿದಳು.

ನಮಾಝು ನಡೆಸುವ ಉಸ್ತಾದ್ ಹತ್ತಿರ ಬಂದರು. "ಸವಾದ್, ಮಯ್ಯಿತ್ತನ್ನು ಕಾಯಿಸುವುದು ಸರಿಯಲ್ಲ. ಅಸರ್ ಮುಗಿದ ಕೂಡಲೇ ಜನಾಝ ನಮಾಝು. ನಮ್ಮ ಹಿಂದೆ ಇನ್ನೂ ಎರಡು ಮಯ್ಯಿತ್ತು ಉಂಟು."

"ಒಳಗೆ ತೆಗೆದುಕೊಂಡು ಹೋಗಿ ಉಸ್ತಾದ್. ನಾನು ಬಂದೆ."

ಮಯ್ಯಿತ್ತಿನ ಮಂಚ ಮಸೀದಿಯ ಕಡೆ ಹೋಯಿತು. ಸಕೀನ ಕಾರಿನ ಬಾಗಿಲು ತೆರೆದು ಇಳಿಯಹೊರಟಳು. ಸವಾದ್ ಬಾಗಿಲನ್ನು ಒತ್ತಿ ಹಿಡಿದ.

"ಎಂತ ವಿಷಯ ಉಮ್ಮ? ಸರಿಯಾಗಿ ಹೇಳು."

"ಆಸ್ಪತ್ರೆಯಲ್ಲಿ, ಮೊನ್ನೆ ಸೋಮವಾರ, ನನ್ನ ಕೈ ಹಿಡಿದು ಹೇಳಿದ್ದಾರೆ. ಲೂರ್ದ್ ಪೊರುತ್ತು ಕೊಡದೆ, ಕ್ಷಮಿಸಿದ್ದೇನೆ ಅಂತ ಬಾಯಿಬಿಟ್ಟು ಹೇಳದೆ, ನನ್ನನ್ನು ಮಣ್ಣಿಗೆ ಇಡಬೇಡಿ ಅಂತ. ನಾನು ಆಯ್ತು ಅಂದಿದ್ದೇನೆ."

"ಕ್ಷಮಿಸುವಂಥದ್ದು ಉಪ್ಪ ಎಂತ ಮಾಡಿದ್ದಾರೆ?"

"ಒಬ್ಬ ಮನುಷ್ಯನ ಜೀವ ಹೋಗಿದೆ," ಎಂದಳು ಸಕೀನ. "ನಿನ್ನ ಉಪ್ಪನ ಒಂದು ಮಾತಿನಿಂದ."

*

ಆ ಲಾರಿ ಶಾರ್ಜಾದ ಬ್ರಿಟಿಷ್ ಸೈನ್ಯ ಬಿಟ್ಟುಹೋದ ಬೆಡ್‌ಫರ್ಡ್. ನೈಫ್ ಪೇಟೆಯ ಸಾಗಣೆ ಕಂಪೆನಿಯೊಂದು ಅಂಥ ಆರನ್ನು ಕೊಂಡು, ಮೈಮೇಲಿನ ಸೈನ್ಯದ ಬಣ್ಣಕ್ಕೆ ಹಳದಿ ಬಳಿಸಿತ್ತು. ಇಂಜಿನ್ ಕ್ಯಾಬಿನ್ನಿನ ಒಳಗೇ, ಎರಡು ಸೀಟುಗಳ ನಡುವೆ. ಬೇಸಿಗೆಯಲ್ಲಿ ಅದರ ಮುಚ್ಚಳದ ಮೇಲೆ ಖುಬ್ಬೂಸ್ ರೊಟ್ಟಿ ಇಟ್ಟರೆ ಎರಡು ಮೈಲಿಗೆ ಗರಿಗರಿಯಾಗುತ್ತಿತ್ತು. ಎರಡನೇ ಗೇರು ಬೀಳಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಆಕ್ಸಿಲರೇಟರ್‌ಗೆ ಒಂದು ಪೆಟ್ಟು ಕೊಡಬೇಕು. ತಪ್ಪಿದರೆ ಲಿವರ್ ಮಣಿಕಟ್ಟಿಗೆ ಹೊಡೆಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ತೊಂದರೆ ಸ್ಟಿಯರಿಂಗಿನದು. ಇಂಗ್ಲೆಂಡಿನ ಗಾಡಿ, ಚಾಲಕ ಬಲಗಡೆ ಕೂರಬೇಕು. ಇಲ್ಲಿ ಗಾಡಿಗಳು ಓಡುವುದೂ ರಸ್ತೆಯ ಬಲಗಡೆ. ಮುಂದೆ ಟ್ಯಾಂಕರ್ ಇದ್ದರೆ ಎದುರಿನಿಂದ ಏನು ಬರುತ್ತಿದೆಯೆಂದು ಚಾಲಕನಿಗೆ ಕಾಣುವುದೇ ಇಲ್ಲ. ಎಡಸೀಟಿನವನು ಕುತ್ತಿಗೆ ಹೊರಹಾಕಿ ನೋಡಿ, "ಪೋಲ" ಎಂದು ತುಳುವಿನಲ್ಲಿ ಹೇಳಬೇಕು. ಹೋಗು ಎಂದು. ಆಗ ಬಲಗಡೆಯವನು ಕಣ್ಣುಮುಚ್ಚಿ ನಂಬಿ ತಿರುಗಿಸಬೇಕು.

ಮುಲ್ಕಿಯ ಲೂರ್ದನೂ ಉಳ್ಳಾಲದ ಹಂಝನೂ ಎರಡು ವರ್ಷ ಹೀಗೆ ಸರದಿಯಲ್ಲಿ ಓಡಿಸಿದರು. ರಶೀದ್ ಬಂದರಿನಿಂದ ಸಿಮೆಂಟು, ಅಬುಧಾಬಿಯಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ. ಲೂರ್ದ್ ಹಾಡುತ್ತಿದ್ದ. ಹಂಝ ಅವನಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದ, ಏಕೆಂದರೆ ಊಟದ ಹೊತ್ತಿನಲ್ಲೂ ಲೂರ್ದ್ ಸ್ಟಿಯರಿಂಗ್ ಬಿಡುತ್ತಿರಲಿಲ್ಲ.

ಎಪ್ಪತ್ತೆಂಟರ ಜೂನ್, ಮಧ್ಯಾಹ್ನ ಮೂರು ಗಂಟೆ, ಗಂತೂತ್ ಹತ್ತಿರ. ಬೆಳಿಗ್ಗೆಯಿಂದ ಓಡಿಸಿದ್ದ ಹಂಝ ಎಡಸೀಟಿಗೆ ಬಂದು ಕೂತಿದ್ದ. ಬಿಸಿಗಾಳಿಯಲ್ಲಿ ಮರಳು ರಸ್ತೆಯ ಮೇಲೆ ಹರಿಯುತ್ತಿತ್ತು. ಮುಂದೆ ನೀರಿನ ಟ್ಯಾಂಕರ್ ತೆವಳುತ್ತಿತ್ತು. ಅಷ್ಟು ಹಂಝನಿಗೆ ನೆನಪಿತ್ತು. ಆಮೇಲಿನ ನೆನಪು ಮರಳಿನ ಮೇಲೆ, ಬಾಯಲ್ಲಿ ಸಿಮೆಂಟಿನ ರುಚಿ. ಎದುರಿನಿಂದ ಬಂದು ಲಾರಿಗೆ ಡಿಕ್ಕಿಯಾದ ಪಿಕಪ್ಪಿನೊಳಗೆ ಒಬ್ಬ ಪಠಾಣ ಸ್ಟಿಯರಿಂಗಿನ ಮೇಲೆ ಬಾಗಿದ್ದ. ಅವನು ಮತ್ತೆ ಏಳಲಿಲ್ಲ.

"ಇವನು ಪೋಲ ಅಂದ, ನಾನು ಹೋದೆ," ಎಂದ ಲೂರ್ದ್ ಪೊಲೀಸರಿಗೆ.

"ನಾನು ನಿದ್ದೆಯಲ್ಲಿದ್ದೆ," ಎಂದ ಹಂಝ.

ಓಡಿಸಿದ್ದ ಲೂರ್ದನಿಗೆ ಜೈಲುಶಿಕ್ಷೆಯಾಯಿತು. ಹಂಝ ಜೈಲಿಗೆ ನೋಡಲು ಹೋದಾಗ ಲೂರ್ದ್ ಸರಳುಗಳ ಆಚೆಯಿಂದ ಒಂದೇ ಮಾತು ಹೇಳಿದ: "ನಿದ್ದೆಗಣ್ಣಲ್ಲಿ ಹೇಳಿದ್ದಿ ನೀನು. ನಿನಗೆ ಗೊತ್ತಿಲ್ಲ. ನಾನು ಕೇಳಿದ್ದೇನೆ."

ನಿದ್ದೆಯಲ್ಲಿ ಏನು ಹೇಳಿದೆನೆಂದು ಯಾರಿಗೆ ತಾನೇ ಗೊತ್ತಿರುತ್ತದೆ? ಮರುವಾರ ಹಂಝ ಲೈಸೆನ್ಸನ್ನು ಕಂಪೆನಿಯ ಮೇಜಿನ ಮೇಲೆ ಇಟ್ಟು ಬಂದ. ಮುಂದಿನ ಮೂವತ್ತೈದು ವರ್ಷ ನೈಫ್‌ನ ಬಟ್ಟೆಯಂಗಡಿಯೊಂದರಲ್ಲಿ ಥಾನು ಹೊತ್ತ. ಕ್ಷಮೆ ಕೇಳಿ ಲೂರ್ದನಿಗೆ ಬರೆದ ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ.

*

ಸಕೀನ ಹೇಳಿ ಮುಗಿಸಿದಾಗ ಸವಾದ್ ಕಾರಿಗೆ ಒರಗಿ ನಿಂತ. ಜೆಬೆಲ್ ಅಲಿಯ ಯಾರ್ಡಿನಲ್ಲಿ ದಿನಕ್ಕೆ ಮುನ್ನೂರು ಟ್ರೇಲರ್‌ಗಳನ್ನು ಕಳಿಸುವ ಕೆಲಸ ಅವನದು. ಚಾಲಕರ ಸಂಕಟ ಅವನಿಗೆ ಗೊತ್ತಿತ್ತು. ಆದರೆ ಉಪ್ಪ ಮಗನ ಕಾರಿನ ಮುಂದಿನ ಸೀಟಿನಲ್ಲಿ ಒಮ್ಮೆಯೂ ಯಾಕೆ ಕೂರಲಿಲ್ಲವೆಂದು ಅವನು ಕೇಳಿರಲಿಲ್ಲ. ಮುದುಕರ ಹಟ ಎಂದುಕೊಂಡಿದ್ದ.

ಅಸರ್ ಬಾಂಗ್ ಕೇಳಿತು. ಅಂಗಳದಲ್ಲಿದ್ದವರೆಲ್ಲ ಒಳಗೆ ಹೋದರು.

ಆಗ ಗೇಟಿನಲ್ಲಿ ಬಿಳಿ ಕಾರೊಂದು ನಿಂತಿತು. ಆಸ್ಪತ್ರೆಯ ನೀಲಿ ಸಮವಸ್ತ್ರದಲ್ಲೇ ಇದ್ದ ಹೆಂಗಸೊಬ್ಬಳು ಇಳಿದು, ಇನ್ನೊಂದು ಬಾಗಿಲು ತೆರೆದು ಮುದುಕನೊಬ್ಬನನ್ನು ಇಳಿಸಿದಳು. ಅವನ ಬಲಗಾಲು ಮಡಚುತ್ತಿರಲಿಲ್ಲ.

"ನಾನು ಲವಿಟಾ," ಎಂದಳು ಅವಳು, ಏದುಸಿರು ಬಿಡುತ್ತ. "ಪಪ್ಪ ಬೆಳಿಗ್ಗೆಯಿಂದ ಬರಲ್ಲ, ಬರಲ್ಲ ಅಂತ ಕೂತಿದ್ರು. ಎರಡು ಗಂಟೆಗೆ ಸಡನ್ನಾಗಿ ಶೂ ಹಾಕ್ಕೊಂಡ್ರು. ಸಾರಿ."

ಸವಾದ್ ಮುದುಕನ ಎದುರು ನಿಂತ. "ಅಂಕಲ್, ಟೈಮ್ ಇಲ್ಲ. ಉಪ್ಪನನ್ನು ಕ್ಷಮಿಸಿದ್ದೇನೆ ಅಂತ ಒಂದು ಮಾತು ಹೇಳಿ. ಖಲಾಸ್. ಉಮ್ಮ ಅಲ್ಲಿದ್ದಾರೆ, ಅವರಿಗೆ ಕೇಳಿಸಿದರೆ ಸಾಕು."

ಲೂರ್ದ್ ಅವನ ಮುಖವನ್ನೇ ನೋಡಿದ. "ಹಂಝನ ಹಾಗೇ ಉಂಟು ನಿನ್ನ ಹಣೆ."

"ಅಂಕಲ್, ಪ್ಲೀಸ್."

"ಕ್ಷಮಿಸಲಿಕ್ಕೆ ನನ್ನತ್ರ ಎಂತ ಉಂಟು ಮಾರಾಯ? ಅವ ಎಂತದೂ ಹೇಳಲಿಲ್ಲ."

"ಅಂದ್ರೆ?"

"ಅವ ನಿದ್ದೆಯಲ್ಲಿದ್ದ. ಬಾಯಿ ಕಳೆದು ನಿದ್ದೆ ಮಾಡ್ತಿದ್ದ. ಬೆಳಿಗ್ಗೆಯಿಂದ ಓಡಿಸಿದ್ದಾನಲ್ಲ, ಎಬ್ಬಿಸುವುದು ಬೇಡ ಅಂತ ನಾನು ಕೇಳಲೇ ಇಲ್ಲ. ಅಂದಾಜಿನ ಮೇಲೆ ತಿರುಗಿಸಿದೆ." ಲೂರ್ದ್ ಕಾರಿನ ಬಾಗಿಲಿಗೆ ಕೈಯೂರಿದ. "ಪೊಲೀಸರು ಹೊಡೆಯುತ್ತಾರೆ ಅಂತ ಹೆದರಿಕೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಜೈಲಿಗೆ ಅವ ನೋಡಲಿಕ್ಕೆ ಬಂದ ದಿನ ನಿಜ ಹೇಳಬೇಕಿತ್ತು. ಅವ ಇಸ್ತ್ರಿ ಹಾಕಿದ ಅಂಗಿ ಹಾಕಿದ್ದ. ನನಗೆ ಉರಿಯಿತು."

ಲವಿಟಾ, "ಪಪ್ಪ," ಎಂದಳು, ಮೆಲ್ಲಗೆ. ಅವಳಿಗೂ ಇದು ಹೊಸತು.

ಸವಾದನ ಕೈ ತಾನಾಗಿ ಮೇಲೆದ್ದಿತು. ಮುದುಕನ ಕಾಲರು ಅವನ ಮುಷ್ಟಿಯಲ್ಲಿತ್ತು. "ನಲವತ್ತಾರು ವರ್ಷ! ಎಷ್ಟು ಕಾಗದ ಬರೆದಿದ್ದಾರೆ ನಿಮಗೆ?"

"ಹನ್ನೊಂದು," ಎಂದ ಲೂರ್ದ್. ಬಿಡಿಸಿಕೊಳ್ಳಲು ನೋಡಲಿಲ್ಲ.

"ಸವಾದ್."

ಸಕೀನ ಕಾರಿನಿಂದ ಇಳಿದು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಮುಖದಲ್ಲಿ ಅಳು ಇರಲಿಲ್ಲ.

"ಬಿಡು ಅವರನ್ನು," ಎಂದಳು. ಆಮೇಲೆ ಲೂರ್ದನ ಕಡೆ ತಿರುಗಿದಳು. "ನನಗೆ ಹೇಳಿ ಪ್ರಯೋಜನ ಇಲ್ಲ. ಇವನಿಗೆ ಹೇಳಿಯೂ ಇಲ್ಲ. ಒಳಗೆ ಹೋಗಿ ಅವರಿಗೆ ಹೇಳಿ."

"ನಾನು ಮಸೀದಿಯ ಒಳಗೆ ಹೇಗೆ ಸಕೀನಾ..."

"ಕಾಲಿನ ಶೂ ಬಿಚ್ಚಿ. ಅಷ್ಟೇ."

ಅಸರ್ ನಮಾಝು ಮುಗಿಯುತ್ತಿದ್ದಂತೆ ಸವಾದ್ ಸಾಲುಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದ. ಮುದುಕ ಕಾಲೆಳೆಯುತ್ತ ಹಿಂಬಾಲಿಸಿದ. ಉಸ್ತಾದ್ ಹುಬ್ಬೆತ್ತಿದರು.

"ಎರಡು ನಿಮಿಷ ಉಸ್ತಾದ್," ಎಂದ ಸವಾದ್. "ಇವರು ಉಪ್ಪನ ಜೊತೆಯವರು. ಒಂದು ಮಾತು ಬಾಕಿ ಉಂಟು."

ಉಸ್ತಾದ್ ಗಡಿಯಾರ ನೋಡಿದರು. ಪಕ್ಕಕ್ಕೆ ಸರಿದರು.

ಲೂರ್ದ್ ಮಡಚದ ಕಾಲನ್ನು ಬದಿಗೆ ಚಾಚಿ, ಮಂಚದ ಪಕ್ಕದಲ್ಲಿ ಕಷ್ಟಪಟ್ಟು ಕುಳಿತ. ಬಿಳಿ ಬಟ್ಟೆಯ ಹತ್ತಿರ ಬಾಯಿ ತಂದು ತುಳುವಿನಲ್ಲಿ ಮಾತಾಡಿದ. ಸವಾದನಿಗೆ ಕೆಲವು ಶಬ್ದಗಳಷ್ಟೇ ಕೇಳಿಸಿದವು. ನಿದ್ದೆ. ಎಬ್ಬಿಸಲಿಲ್ಲ. ನಾನೇ. ಆಮೇಲೆ ಮುದುಕ, ಉತ್ತರ ಬರಬಹುದೆಂಬಂತೆ, ಕಿವಿಯನ್ನು ಅಲ್ಲೇ ಇಟ್ಟುಕೊಂಡಿದ್ದ. ಉಸ್ತಾದ್ ಕೆಮ್ಮಿದರು. ಸವಾದ್ ಅವನ ಕಂಕುಳಿಗೆ ಕೈಹಾಕಿ ಎಬ್ಬಿಸಿದ. ಮೈ ಹಗುರವಾಗಿತ್ತು.

ಗೋರಿ ತುಂಬಿಸುವಾಗ ಜನ ಒಬ್ಬರ ಮೇಲೊಬ್ಬರು ಬಗ್ಗಿ ಮೂರು ಮೂರು ಹಿಡಿ ಮಣ್ಣು ಹಾಕಿದರು. ಸವಾದ್ ತನ್ನದನ್ನು ಹಾಕಿ ತಲೆಯೆತ್ತಿದ. ಲೂರ್ದ್ ಅಷ್ಟು ದೂರದಲ್ಲಿ ಗೋಡೆಯ ಬಳಿ ಬಿಸಿಲಲ್ಲೇ ನಿಂತಿದ್ದ. ಮಗಳು ಕೊಡೆ ಹಿಡಿಯಲು ಬಂದರೆ ಅವಳ ಕೈ ಸರಿಸುತ್ತಿದ್ದ.

ಸವಾದ್ ಮತ್ತೆ ಬಗ್ಗಿ ಮುಷ್ಟಿ ತುಂಬ ಮಣ್ಣು ತೆಗೆದುಕೊಂಡ. ಜನರ ನಡುವೆ ನುಸುಳಿ ಗೋಡೆಯ ಕಡೆ ನಡೆದ. ಒಣ ಮರಳು, ಬೆರಳುಗಳ ಸಂದಿನಿಂದ ದಾರಿಯುದ್ದಕ್ಕೂ ಸುರಿಯಿತು. ಮುಂದೆ ಹೋಗಿ ನಿಂತಾಗ ಮುದುಕ ಏನೆಂದು ಕೇಳದೆಯೇ ಅಂಗೈ ಚಾಚಿದ. ಸವಾದ್ ಮುಷ್ಟಿ ಬಿಚ್ಚಿದ. ಉಳಿದದ್ದು ಒಂದು ಚಿಟಿಕೆ.

ಲೂರ್ದ್ ಅದರ ಮೇಲೆ ಬೆರಳು ಮಡಚಿದ. ಗೋರಿಯ ಕಡೆ ಒಂದು ಹೆಜ್ಜೆ ಇಟ್ಟ. ನಿಂತ. ಆ ಮುಷ್ಟಿಯನ್ನು ಎದೆಗೊತ್ತಿಕೊಂಡು, ಮತ್ತೊಂದು ಹೆಜ್ಜೆಗೆ ಕಾಲೆತ್ತಿದ.