ಹಿಂಡುವ ಯಂತ್ರಕ್ಕೆ ನಲವತ್ತು

ಭಾವ ಅರವತ್ಮೂರು ಆಂಪಿಯರ್‌ನ ಬ್ರೇಕರ್ ಕೊಂಡುತಂದು ನನ್ನ ಮುಂದಿಟ್ಟಾಗ ಮಧ್ಯಾಹ್ನ ಎರಡು ಗಂಟೆ. ಐದಕ್ಕೆ ಆಸ್ಪತ್ರೆಯ ವ್ಯಾನು ಬರುತ್ತದೆ. ಅಷ್ಟರಲ್ಲಿ ಎಂಬತ್ತು ಬೆಡ್‌ಶೀಟ್ ಒಣಗಿಸಿ ಕೊಡದಿದ್ದರೆ ಅಕ್ಕನ ಲಾಂಡ್ರಿಗೆ ಅವರ ಕೆಲಸ ಇವತ್ತಿಗೇ ಕೊನೆ. ಆಸ್ಪತ್ರೆಯವರು ಬೆಳಿಗ್ಗೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು.

ಮೂರು ವಾರದಿಂದ ಇದೇ ಗೋಳು. ಬಟ್ಟೆ ಹಿಂಡುವ ಯಂತ್ರ ತುಂಬಿ ಗುಂಡಿ ಒತ್ತಿದರೆ ಎರಡು ಸುತ್ತು ತಿರುಗುತ್ತದೆ, ಬ್ರೇಕರ್ ಟ್ರಿಪ್ ಆಗಿ ಕರೆಂಟು ಹೋಗುತ್ತದೆ. ಕೈಯಲ್ಲೇ ಹಿಂಡಿ ಹಿಂಡಿ ಅಕ್ಕನ ಮಣಿಕಟ್ಟು ಊದಿತ್ತು. ಈಗಿರುವ ಇಪ್ಪತ್ತೈದು ಆಂಪಿಯರ್‌ನ ಬ್ರೇಕರ್ ಹಾಕಿದವಳು ನಾನೇ, ಅವಳ ತಂಗಿ, ವೈರಿಂಗ್ ಕೆಲಸದವಳು. ವೈರು ತಾಳುವುದು ಮೂವತ್ತು. ಅದನ್ನು ಮೀರಿದ ಬ್ರೇಕರ್ ಹಾಕುವುದಿಲ್ಲ ಎಂದು ಪಟ್ಟು ಹಿಡಿದಿದ್ದೆ.

“ಲೇ ಜಗಮೊಂಡಿ, ಇದನ್ನ ಹಾಕು, ಮುಗೀತು,” ಎಂದರು ಭಾವ.

“ವೈರು ಸುಟ್ಟು ಗೋಡೆ ಒಳಗೆ ಬೆಂಕಿ ಹತ್ತಿದ್ರೂ ನಿಮ್ಮ ಅರವತ್ಮೂರು ಆರಾಮಾಗಿ ನೋಡ್ತಾ ಕೂತಿರುತ್ತೆ ಭಾವ.”

“ಹಾಗಾದ್ರೆ ನೀನೇ ಹಿಂಡು.”

ಸಿಟ್ಟು ನೆತ್ತಿಗೇರಿತು. ದೋಷ ಎಲ್ಲಿದೆಯೋ ಹುಡುಕಿಯೇ ಬಿಡುತ್ತೇನೆ ಎಂದು ಮೇನ್ ಆಫ್ ಮಾಡಿ ಯಂತ್ರದ ಹಿಂದೆ ತೂರಿದೆ. ಬೇರಿಂಗ್ ಸರಿ, ಬೆಲ್ಟ್ ಸರಿ. ಕೆಳಗೆ ನಾಲ್ಕು ಸ್ಕ್ರೂ ಇರುವ ಚೌಕವೊಂದು ಕೈಗೆ ತಾಗಿತು. ಹಳೆಯ ಯಂತ್ರ ಹೊಸದಾಗಿ ಕಾಣಲಿ ಎಂದು ಭಾವ ಬಳಿದ ಹಸಿರು ಬಣ್ಣದಡಿ ಅದರ ವಿವರ ಕೊರೆದ ಪ್ಲೇಟ್ ಮುಚ್ಚಿಹೋಗಿತ್ತು. ಕೆರೆದೆ. ಓಡುವಾಗ ಇಪ್ಪತ್ತೊಂದು ಆಂಪಿಯರ್. ವೈರು ಕನಿಷ್ಠ ಇಪ್ಪತ್ತೇಳು. ಬ್ರೇಕರ್ ಗರಿಷ್ಠ ನಲವತ್ತು.

ದೀಪದ ಲೈನಿನ ಲೆಕ್ಕವನ್ನು ಮೋಟರಿಗೆ ಹಾಕಿದ್ದೆ! ಮೋಟರು ಶುರುವಾಗುವಾಗ ಒಂದಷ್ಟು ಕ್ಷಣ ಐದಾರು ಪಟ್ಟು ಎಳೆಯುತ್ತದೆ; ಬ್ರೇಕರ್ ಅದನ್ನು ತಡೆದುಕೊಳ್ಳಬೇಕು. ಆಮೇಲೂ ಹೆಚ್ಚು ಎಳೆಯುತ್ತಿದ್ದರೆ ವೈರನ್ನೂ ಮೋಟರನ್ನೂ ಕಾಯಲು ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇದೆ. ನನಗೆ ಗೊತ್ತಿಲ್ಲದ್ದೇನಲ್ಲ. ಪ್ಲೇಟ್ ಹುಡುಕದೆ ವೈರೊಂದನ್ನೇ ನೋಡಿ ಜಂಬ ಕೊಚ್ಚಿದ್ದೆ, ಅಷ್ಟೆ.

ತಪ್ಪನ್ನು ಭಾವ ಬಳಿದ ಬಣ್ಣದ ತಲೆಗೆ ಕಟ್ಟುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಅಕ್ಕ, ತಪ್ಪು ನಂದು. ನಲವತ್ತು ಹಾಕ್ಬೇಕಿತ್ತು.”

ಭಾವನ ಮುಖ ಊರಗಲವಾಯಿತು. “ನಾನು ಹೇಳ್ಲಿಲ್ವಾ! ಇನ್ನೇನು, ತಂದಿರೋದನ್ನೇ ಹಾಕು. ಹೊತ್ತಿಲ್ಲ.”

“ನಲವತ್ತು ಅಂದ್ರೆ ನಲವತ್ತು. ನಲವತ್ತೊಂದೂ ಹಾಕಲ್ಲ.”

“ಈಗ ತಾನೇ ತಪ್ಪು ಒಪ್ಕೊಂಡೆ, ಮತ್ತೆ ಜೋರು ನೋಡು!”

ನಾಲ್ಕು ಬೀದಿ ಆಚೆಯ ಅಂಗಡಿಗೆ ಓಡಿ, ಮೋಟರಿಗೆ ಆಗುವಂಥ ನಲವತ್ತರ ಬ್ರೇಕರ್ ತಂದು ಕೂರಿಸಿದೆ. ರಿಲೇಯನ್ನು ಇಪ್ಪತ್ತೊಂದಕ್ಕೆ ತಿರುಗಿಸಿದೆ. ಗುಂಡಿ ಒತ್ತಿದೆ. ಯಂತ್ರ ಗುರುಗುಟ್ಟಿತು, ಅದುರಿತು, ವೇಗ ಹಿಡಿಯಿತು. ಬ್ರೇಕರ್ ಟ್ರಿಪ್ ಆಗಲಿಲ್ಲ. ಒಂದಾದ ಮೇಲೊಂದರಂತೆ ಎಲ್ಲ ಬೆಡ್‌ಶೀಟುಗಳೂ ಯಂತ್ರದಿಂದ ಹೊರಬಂದು, ಬಿಸಿಲಿಗೆ ಒಣಗಿ, ಐದಕ್ಕೆ ವ್ಯಾನು ಹತ್ತಿದವು.

ವ್ಯಾನು ತಿರುವು ದಾಟಿದ ಮೇಲೆ ಅಕ್ಕ ಬಾಯಿಬಿಟ್ಟಳು. “ಮೂರು ವಾರ ನಿನ್ನ ನಂಬಿ ಇವರ ಬಾಯಿ ಮುಚ್ಚಿಸಿದ್ನಲ್ಲೇ. ಇನ್ಮೇಲೆ ನೀನಂದೆ ಅಂತ ನಂಬಲ್ಲ. ಏನೇ ಹಾಕು, ನಂಗೆ ಓದಿ ತೋರ್ಸಿ ಹಾಕು.”

ನೋವಾಯಿತು. ಅವಳು ಹೇಳಿದ್ದು ನ್ಯಾಯವೆಂದೂ ಗೊತ್ತಿತ್ತು. ನಾನೇ ಬ್ರೇಕರ್ ಹಾಕಿದ್ದ ಒಗೆಯುವ ಯಂತ್ರವನ್ನೂ ಆಫ್ ಮಾಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಪ್ಲೇಟನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ.