ಸಿದ್ದಾಪುರಕ್ಕೆ ಬಂದ ರೀಸ್ಲಿಂಗ್

ಉಮಾನಾಥ ನಾಸಿಕದ ದ್ರಾಕ್ಷಿತೋಟದ ಕೆಲಸ ಬಿಟ್ಟು ಸಿದ್ದಾಪುರದ ಮನೆಗೆ ಬಂದದ್ದು 2008ರಲ್ಲಿ. ಬಸ್ಸಿಳಿದವನ ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳ ಕಟ್ಟೊಂದಿತ್ತು.

"ಇದೆಂತ ಮಾರಾಯ್ರೆ, ಒಲೆಗೆ ಹಾಕುಕಾ?" ಎಂದಳು ಹೆಂಡತಿ ಪ್ರಭಾವತಿ.

"ರೀಸ್ಲಿಂಗ್ ದ್ರಾಕ್ಷಿ. ವೈನ್ ಮಾಡುದು. ನಮ್ಮ ಗುಡ್ಡೆಯಗೂ ಆತ್ತಾ ಕಾಂಬ."

ಅವನನ್ನು ಕರೆಸಿಕೊಂಡವಳು ಅವಳೇ. ಮಗಳು ಶರಣ್ಯಾ ಅಪ್ಪನ ದನಿಯನ್ನು ಫೋನಿನಲ್ಲಷ್ಟೇ ಕೇಳಿ ಬೆಳೆಯುತ್ತಿದ್ದಳು. ಇನ್ನು ಸಾಕು, ಬನ್ನಿ ಎಂದು ಪ್ರಭಾವತಿಯೇ ಹೇಳಿದ್ದಳು. ಅವನು ಎದುರು ಮಾತಾಡದೆ ಬಂದಿದ್ದ. ಬಂದವನು ಮಾತ್ರ ದಿನವಿಡೀ ಗುಡ್ಡೆಯ ಮೇಲೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಳ್ಳಿಗಳ ಬುಡದಲ್ಲೇ ಕೂತಿರುತ್ತಿದ್ದ. ಊಟಕ್ಕೆ ಕೂಗಿ ಕೂಗಿ ಪ್ರಭಾವತಿಗೆ ಸಾಕಾಗುತ್ತಿತ್ತು. ಸವತಿಯನ್ನೇ ಕಟ್ಟಿಕೊಂಡು ಬಂದಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಪಕ್ಕದ ಮನೆಯ ಸೀತುವಿನ ಹತ್ತಿರ ನಗುತ್ತಲೇ ಹೇಳಿಕೊಂಡಳು.

ಆಷಾಢದ ಮಳೆಗೆ ಎಲೆಗಳ ಮೇಲೆ ಬಿಳಿ ಬೂಷ್ಟು ಕೂತಿತು. ಅವನು ಮದ್ದು ಹೊಡೆದ, ಪ್ಲಾಸ್ಟಿಕ್ ಹೊದೆಸಿದ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಉಳಿದದ್ದು ನಾಲ್ಕೈದು ಬಳ್ಳಿ. ಮಾಘದಲ್ಲಿ ಅದರಲ್ಲೊಂದು ಪುಟ್ಟ ಗೊಂಚಲು ಬಿಟ್ಟಿತು. ಅವನು ಒಂದು ಹಣ್ಣು ಬಾಯಿಗೆ ಹಾಕಿಕೊಂಡ.

"ಹ್ಯಾಂಗಿತ್ತ್?"

"ಸಪ್ಪೆ. ಇದಕ್ಕೆ ರಾತ್ರಿ ಚಳಿ ಬೇಕ್ ಪ್ರಭಾ. ಇಲ್ಲಿ ಚಳಿ ಎಲ್ಲಿತ್ತ್?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳ ಮನಸ್ಸಿಗೆ ನಾಟಿತು. ಎರಡು ದಿನ ಯೋಚಿಸಿ, "ನಿಮ್ಮ ನಾಸಿಕದ ತೋಟ ನಾನೊಂದ್ ಸಲ ಕಾಣ್ಕ್. ಹೋಪ" ಎಂದಳು.

ಶರಣ್ಯಾಳನ್ನು ಸೀತುವಿನ ಮನೆಯಲ್ಲಿ ಬಿಟ್ಟು, ಕುಂದಾಪುರದಲ್ಲಿ ರೈಲು ಹತ್ತಿದರು.

ನಾಸಿಕದ ಆ ತೋಟದಲ್ಲಿ ಕೊಯ್ಲು ನಡೆದಿತ್ತು. ಬೆಳಗಿನ ಚಳಿಗೆ ಪ್ರಭಾವತಿ ಸೆರಗು ಹೊದ್ದು ನಿಂತಳು. ಸಾಲುಗಳು ಕಣ್ಣು ಹಾಯುವವರೆಗೂ ಬಾಚಿದ ತಲೆಯಂತೆ ಹರಡಿದ್ದವು. ಕೊಯ್ಯುತ್ತಿದ್ದ ಹೆಂಗಸರು ಉಮಾನಾಥನನ್ನು ಕಂಡದ್ದೇ ಕತ್ತರಿ ಬಿಟ್ಟು ಓಡಿಬಂದರು. ಅವನು ಮರಾಠಿಯಲ್ಲಿ ಏನೋ ಹೇಳಿ ಜೋರಾಗಿ ನಕ್ಕ. ಅವನು ಹಾಗೆ ನಕ್ಕದ್ದನ್ನು ಊರಿನಲ್ಲಿ ಅವಳು ಕಂಡಿರಲಿಲ್ಲ.

ಅವನು ಬಿಡಿಸಿಕೊಟ್ಟ ಹಣ್ಣು ಗುಂಡಗೆ, ಹಸಿರು ಮಿಶ್ರಿತ ಹಳದಿ. ಮೊದಲು ಹುಳಿ ತಾಗಿತು, ಆಮೇಲೆ ಜೇನಿನಂಥ ಸಿಹಿ ನಿಧಾನವಾಗಿ ನಾಲಿಗೆಯ ತುಂಬ ಹರಡಿತು.

"ಇದನ್ನ ಬಿಟ್ಟ್ ಬಂದದ್ದಾ ನೀವ್?"

"ಹೂಂ. ನೀ ಕರ್ದಿಯಲೆ."

ಅವಳ ಕಣ್ಣು ತುಂಬಿತು. ಅವನು ಗಾಬರಿಯಾಗಿ, "ಹುಳಿಯಾಯ್ತಾ?" ಎಂದ.

"ಇಲ್ಲೆ, ಲಾಯ್ಕಿತ್ತ್."

ಮಧ್ಯಾಹ್ನ ತೋಟದ ಮಾಲೀಕರು ಕಾಫಿ ಕೊಟ್ಟು, ದಸರಾ ಹೊತ್ತಿಗೆ ಕಡ್ಡಿ ಕತ್ತರಿಸಿ ಸವರುವ ತಿಂಗಳಿಗಾದರೂ ಪ್ರತಿವರ್ಷ ಬಂದು ಹೋಗಬಾರದೇ ಎಂದು ಉಮಾನಾಥನನ್ನು ಕೇಳಿದರು. ಅವನು ಹೆಂಡತಿಯ ಮುಖ ನೋಡಿದ. ಆಡಿದ್ದು ಹಿಂದಿಯಲ್ಲಾದರೂ ಸಂಗತಿ ಅವಳಿಗೆ ತಿಳಿದಿತ್ತು.

"ಬತ್ತೆ ಅಂತ ಹೇಳಿ," ಎಂದಳು. "ಶರಣ್ಯಾಗೆ ರಜೆ ಇದ್ರೆ ನಾವೂ ಬತ್ತೊ."

ಆ ವರ್ಷದ ದಸರಾ ರಜೆಯಲ್ಲಿ ಮೂವರೂ ಹೋದರು. ಯಾವ ಕಡ್ಡಿ ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ಅಪ್ಪ ತೋರಿಸುತ್ತ ಮುಂದೆ ನಡೆದ. ಶರಣ್ಯಾ ಒಂದೊಂದು ಬಳ್ಳಿಗೂ ಇದ್ಯಾಕೆ, ಅದ್ಯಾಕೆ ಎಂದು ಕೇಳುತ್ತ ಅವನ ಬೆನ್ನಿಗೇ ಅಂಟಿಕೊಂಡಳು. ಪ್ರಭಾವತಿ ಸಾಲಿನ ಕೊನೆಯ ನೆರಳಿನಲ್ಲಿ ಕೂತು ಇಬ್ಬರಿಗೂ ಬುತ್ತಿ ಬಿಚ್ಚಿದಳು.